ದೇವರ ಮನೆಯ ಗೇಜು

ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ರಸ್ತೆಯಲ್ಲಿದ್ದ ರಘೋತ್ತಮರಾಯರ ಕಾರ್ಖಾನೆಯಲ್ಲಿ ಶಟ್ಟೆಪ್ಪನಿಗೆ ಒಂದು ಕುರ್ಚಿ, ಒಂದು ಟೇಬಲ್ಲು, ಒಂದು ರಜಿಸ್ಟರು ಮತ್ತು ಚೆಕ್ಕರ್ ಎಂಬ ಹೆಸರು ಇದ್ದವು. ಇಲ್ಲದ್ದು ಒಂದೇ, ಚೆಕ್ ಮಾಡುವ ಕೆಲಸ.

ಕಾರ್ಖಾನೆಯವರು ನೀರೆತ್ತುವ ಇಂಜಿನ್ನಿಗೆ ಬೇಕಾದ ಕಂಚಿನ ಬುಶ್ ತಯಾರಿಸಿ ಪುಣೆಯ ಒಂದು ಕಂಪನಿಗೆ ಕಳಿಸುತ್ತಿದ್ದರು. ಬುಶ್ ಎಂದರೆ ದಪ್ಪನೆಯ ಬಳೆಯಂಥದು. ಅದರ ತೂತಿನಲ್ಲಿ ಇಂಜಿನ್ನಿನ ಶಾಫ್ಟು ತಿರುಗಬೇಕು. ತೂತು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮಾಲು ದಂಡ. ಅದಕ್ಕೇ ೧೯೭೩ರಲ್ಲಿ ಕಂಪನಿಯವರು ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು ಒಂದು ಗೇಜು ಕೊಟ್ಟಿದ್ದರು. ಹೆಬ್ಬೆರಳ ಗಾತ್ರದ, ಥಳಥಳ ಹೊಳೆಯುವ ಉಕ್ಕಿನ ತುಂಡು. ಅದು ತೂತಿನೊಳಗೆ ಅಲುಗಾಡದೆ ಹಿತವಾಗಿ ಹೊಕ್ಕರೆ ಬುಶ್ ಪಾಸು, ಇಲ್ಲದಿದ್ದರೆ ನಾಪಾಸು. ಗೇಜು ಹಿಡಿಯುವವನು ಕಲಿತವನಿರಬೇಕು ಎಂದು ಕಂಪನಿ ಹಟ ಹಿಡಿದದ್ದಕ್ಕೆ, ಹುಬ್ಬಳ್ಳಿಯಲ್ಲಿ ಐಟಿಐ ಮುಗಿಸಿ ಬಂದಿದ್ದ ಶಟ್ಟೆಪ್ಪನಿಗೆ ಆ ಕುರ್ಚಿ ಸಿಕ್ಕಿತ್ತು. ಅವನ ಕೇರಿಯಿಂದ ಕಾರ್ಖಾನೆಯ ಕುರ್ಚಿಯ ಮೇಲೆ ಕುಳಿತವರು ಅವನಿಗಿಂತ ಮೊದಲು ಯಾರೂ ಇರಲಿಲ್ಲ.

ಆ ವರ್ಷ ದಸರೆಯ ಖಂಡೆ ಪೂಜೆ ಬಂತು. ರಾಯರು ಲೇಥು, ಸುತ್ತಿಗೆ, ಇಕ್ಕಳಗಳ ಜೊತೆ ಗೇಜಿಗೂ ಕುಂಕುಮವಿಟ್ಟು ಹೂ ಏರಿಸಿದರು. ಪೂಜೆ ಮುಗಿದ ಮೇಲೆ ಸುತ್ತಿಗೆ ತನ್ನ ಜಾಗಕ್ಕೆ ಹೋಯಿತು, ಇಕ್ಕಳ ತನ್ನ ಜಾಗಕ್ಕೆ ಹೋಯಿತು. ಗೇಜು ಮಾತ್ರ ಹೋಗಲಿಲ್ಲ. ಇಡೀ ಕಾರ್ಖಾನೆಯ ಅನ್ನ ಅದರ ಮೇಲಿದೆ, ಅಂಥದ್ದು ಪೂಜೆಗೊಂಡ ಮೇಲೂ ಶಟ್ಟೆಪ್ಪನ ಕೈಗೆ ಹೋಗುವುದೇ ಎಂದು ರಾಯರ ತಾಯಿ ಸುಂದರಾಬಾಯಿ ಕಣ್ಣು ಕೆಂಪಗೆ ಮಾಡಿದರು. ಗೇಜು ಕಾರ್ಖಾನೆಯ ಹಿಂದಿನ ಮನೆಗೆ ಹೋಗಿ, ದೇವರ ಮನೆಯಲ್ಲಿ ಸಾಲಿಗ್ರಾಮದ ಪಕ್ಕ ಕುಳಿತುಬಿಟ್ಟಿತು.

ಅಲ್ಲಿಂದ ಮುಂದೆ ತಪಾಸಣೆಗೆ ಒಂದು ಹೊಸ ಪದ್ಧತಿ ಬಂತು. ನೂರು ಬುಶ್ಶಿಗೆ ಒಂದನ್ನು ಆರಿಸಿ ಶಟ್ಟೆಪ್ಪ ಮನೆಯ ಹೊಸ್ತಿಲ ಮೇಲೆ ಇಡಬೇಕು. ಸುಂದರಾಬಾಯಿ ಅದರ ಮೇಲೆ ನೀರು ಸುರಿದು ಒಳಗೆ ಒಯ್ಯಬೇಕು. ಮಡಿಯುಟ್ಟ ರಾಯರು ಗೇಜು ತೂರಿಸಿ ನೋಡಿ, "ಸರಿ ಅದ, ಬರಿಯೋ" ಎಂದು ಒಳಗಿನಿಂದಲೇ ಕೂಗಬೇಕು. ಅಂಗಳದಲ್ಲಿ ನಿಂತ ಶಟ್ಟೆಪ್ಪ ರಜಿಸ್ಟರಿನಲ್ಲಿ 'ಸ್ವತಃ ತಪಾಸಣೆ ಮಾಡಿದ್ದೇನೆ' ಎಂದು ಬರೆದು ಸಹಿ ಹಾಕಬೇಕು. ಬುಶ್ಶಿಗೆ ಸಿಕ್ಕ ಪ್ರವೇಶ ಚೆಕ್ಕರನಿಗೆ ಸಿಗಲಿಲ್ಲ.

ಮೂರನೆಯ ವರ್ಷಕ್ಕೆ ಒಂದು ವಿಚಿತ್ರ ಶುರುವಾಯಿತು. ಪಾಸಾಗುತ್ತಿದ್ದ ಬುಶ್ಶುಗಳು ಒಂದೊಂದೇ ನಾಪಾಸಾಗತೊಡಗಿದವು. ಗೇಜು ಒಳಗೆ ಲಡಬಡ ಅಲುಗಾಡುತ್ತದೆ, ತೂತು ದೊಡ್ಡದಾಗಿದೆ ಎಂದು ರಾಯರು ಲೇಥಿನ ಮೇಲೆ ತೂತು ಕೊರೆಯುವ ಭರಮಪ್ಪನನ್ನು ಬೈದರು. ಭರಮಪ್ಪ ತೂತು ಸಣ್ಣದು ಮಾಡಿದ. ಆರು ತಿಂಗಳಿಗೆ ಮತ್ತೆ ಬೈಗುಳ, ಮತ್ತೆ ಸಣ್ಣದು. ಶಟ್ಟೆಪ್ಪ ತನ್ನ ಹಳೆಯ ಕ್ಯಾಲಿಪರಿನಿಂದ ಅಳೆದು ನೋಡಿ ಗಾಬರಿಯಾದ.

"ರಾಯರ, ತೂತು ಅಳತಿಗಿಂತ ಸಣ್ಣದಾಗೇತ್ರಿ. ಆ ಗೇಜ ಒಮ್ಮೆ ಹೊರಗ ಕೊಡ್ರಿ, ಅದನ್ನs ಅಳದು ನೋಡತೇನಿ."

"ಗೇಜು ಅಳೀತೀಯಾ? ಅಳಿಯೂದು ಗೇಜಿನ ಕೆಲಸೋ, ನಿಂದೋ?" ರಾಯರಿಗೆ ನಗು ತಡೆಯಲಾಗಲಿಲ್ಲ. "ಸಹಿ ಮಾಡಿ ನಡಿ."

ಶಟ್ಟೆಪ್ಪ ಸಹಿ ಮಾಡಿದ. ಮನೆಯಲ್ಲಿ ಹೆಂಡತಿ ತಾಯವ್ವ ಕೇರಿಯ ಹೆಂಗಸರಿಗೆಲ್ಲ ಅವನ ಕುರ್ಚಿಯ ಕೈಗಳನ್ನು ಬಣ್ಣಿಸುತ್ತಿದ್ದಳು. ಅದನ್ನು ನೆನೆದು ಅವನು ಪ್ರತಿ ಸಲವೂ ಸಹಿ ಮಾಡಿದ.

೧೯೭೬ರ ಬೇಸಿಗೆಯಲ್ಲಿ ಆರು ಸಾವಿರ ಬುಶ್ ತುಂಬಿದ ಲಾರಿ ಪುಣೆಯಿಂದ ವಾಪಸು ಬಂತು. ಒಂದಕ್ಕೂ ಶಾಫ್ಟು ಹೋಗುತ್ತಿರಲಿಲ್ಲ. ಜೊತೆಗಿದ್ದ ಕಾಗದದಲ್ಲಿ ಹೀಗಿತ್ತು: ನಮ್ಮ ಇಂಜಿನಿಯರು ಬರುತ್ತಾರೆ. ತಪ್ಪು ಯಾರದೆಂದು ಗೊತ್ತಾದರೆ ಅವನನ್ನು ತೆಗೆದುಹಾಕಬೇಕು, ಅವನ ಹೆಸರನ್ನು ಉಳಿದ ಕಾರ್ಖಾನೆಗಳಿಗೂ ತಿಳಿಸಲಾಗುವುದು.

ರಾಯರು ಶಟ್ಟೆಪ್ಪನನ್ನು ಕರೆದು ಬಹಳ ಪ್ರೀತಿಯಿಂದ ಮಾತಾಡಿದರು. "ನೋಡಪಾ, ರಜಿಸ್ಟರಿನ ಪ್ರತಿ ಪಾನಿನ್ಯಾಗೂ ನಿಂದs ಸಹಿ ಅದ. ಕಣ್ತಪ್ಪಿಂದ ಆತು ಅಂತ ಒಪ್ಪಿಕೋ. ಚೆಕ್ಕರ್ ಕೆಲಸ ಹೋದ್ರೇನು, ಇದ್ದಲಿ ಹೊರೂ ಕೆಲಸ ನಾ ಕೊಡತೇನಿ."

ಶಟ್ಟೆಪ್ಪ ರಜಿಸ್ಟರು ತೆರೆದು ನೋಡಿದ. ಸಹಿಯೆಲ್ಲ ತನ್ನದೇ. ಯಾರ ಮುಂದೆ ಏನು ಹೇಳುವುದು?

ಬಂದ ಇಂಜಿನಿಯರು ನಿಜಗುಣಪ್ಪ. ಮೂಲತಃ ರಾಮದುರ್ಗದ ಕಡೆಯವರು, ಪುಣೆಯಲ್ಲಿ ಹತ್ತು ವರ್ಷ ದುಡಿದವರು. ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ರಜಿಸ್ಟರಿನ ಹಾಳೆ ತಿರುವಿ ಹಾಕಿದರು.

"ಗೇಜು ದಿನಾ ಯಾರು ಹಿಡೀತಾರ್ರೀ?"

"ಇವನs ರೀ, ಶಟ್ಟೆಪ್ಪ," ರಾಯರು ಥಟ್ಟನೆ ಹೇಳಿದರು. "ನಾವು ಯಾರೂ ಅದಕ್ಕ ಕೈ ಹಚ್ಚಂಗಿಲ್ಲ."

"ಹೌದಾ? ಹಂಗಾದ್ರ ಹೋಗಿ ತಗೊಂಡ ಬಾರಪಾ ಶಟ್ಟೆಪ್ಪ."

ರಾಯರ ಮುಖದಲ್ಲಿ ಬೆವರು ಕಿತ್ತುಕೊಂಡಿತು. ಬೇಡ ಎಂದರೆ ಹೇಳಿದ್ದು ಸುಳ್ಳಾಗುತ್ತದೆ, ಹೂಂ ಎಂದರೆ ದೇವರ ಮನೆ ಮೈಲಿಗೆಯಾಗುತ್ತದೆ. ಶಟ್ಟೆಪ್ಪ ಅವರ ಮುಖವನ್ನೇ ಒಂದು ಗಳಿಗೆ ನೋಡಿದ. ಅವನಿಗೆ ಒಮ್ಮೆಲೇ ಎಲ್ಲವೂ ಹಗುರವಾದಂತಾಯಿತು.

"ತರತೇನ್ರಿ ಸಾಹೇಬ್ರ," ಎಂದು ಚಪ್ಪಲಿ ಕಳಚಿ ಹೊಸ್ತಿಲ ಕಡೆಗೆ ನಡೆದ.

ಅವನ ಬಲಗಾಲು ಮೇಲೇಳುವಷ್ಟರಲ್ಲಿ ಒಳಗಿನಿಂದ ಸುಂದರಾಬಾಯಿ ಚೀರಿದರು. "ಅಲ್ಲೇ ನಿಂದರೋ! ಮೂರು ವರ್ಷದಾಗ ಒಮ್ಮೆರೆ ಒಳಗ ಬಂದೀಯೇನು, ಇವತ್ತ್ಯಾಕ ಬಂದ್ಯೋ?"

ನಿಜಗುಣಪ್ಪನವರು ರಜಿಸ್ಟರು ಮುಚ್ಚಿದರು. ರಾಯರು ನೆಲ ನೋಡಿದರು. ಮುದುಕಿ ಮಾತ್ರ ಅಭಿಮಾನದಿಂದ ತಾವೇ ಗೇಜು ತಂದು ಇಂಜಿನಿಯರರ ಅಂಗೈಗೆ ಮೇಲಿನಿಂದ ಹಾಕಿದರು. "ನೋಡ್ರಿ, ಹೆಂಗ ಹೊಳೀತದ! ಪ್ರತಿ ಶುಕ್ರವಾರ ಹುಣಸಿಹಣ್ಣು, ಇಟ್ಟಂಗಿ ಪುಡಿ ಹಚ್ಚಿ ನಾನs ತಿಕ್ಕತೇನಿ. ಒಂದು ವಾರ ತಪ್ಪಿಸಿಲ್ಲ."

ಮೂರು ವರ್ಷದ ಶುಕ್ರವಾರಗಳು ಉಕ್ಕನ್ನು ಎಷ್ಟು ತಿಂದಿದ್ದವೆಂದು ಇಂಜಿನಿಯರರು ತಂದಿದ್ದ ಮೈಕ್ರೋಮೀಟರು ಕೂಡಲೇ ಹೇಳಿತು. ಕಾರ್ಖಾನೆಗೆ ಕಾರ್ಖಾನೆಯೇ ಒಬ್ಬ ಮುದುಕಿಯ ತಿಕ್ಕಾಟಕ್ಕೆ ತಕ್ಕಂತೆ ಬುಶ್ ಕೊರೆಯುತ್ತಿತ್ತು.

"ನೋಡದs ಸಹಿ ಯಾಕ ಮಾಡಿದ್ಯೋ?" ನಿಜಗುಣಪ್ಪ ಶಟ್ಟೆಪ್ಪನತ್ತ ತಿರುಗಿದರು.

"ಕುರ್ಚಿ ಕೊಟ್ಟಿದ್ರಲ್ರೀ," ಎಂದ ಶಟ್ಟೆಪ್ಪ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

ಇಂಜಿನಿಯರು ಚೀಲದಿಂದ ಹೊಸ ಗೇಜಿನ ಪೆಟ್ಟಿಗೆ ತೆಗೆದರು. ರಾಯರು ಎರಡೂ ಕೈ ಚಾಚಿ ಮುಂದೆ ಬಂದರು. ನಿಜಗುಣಪ್ಪ ಪೆಟ್ಟಿಗೆ ಹಿಂದಕ್ಕೆ ಎಳೆದುಕೊಂಡು ಸಣ್ಣಗೆ ನಕ್ಕರು.

"ನೀವಲ್ಲ. ಶಟ್ಟೆಪ್ಪ, ಮೊದಲ ನೀ ಮುಟ್ಟು. ನೀ ಒಮ್ಮೆ ಮುಟ್ಟಿದ್ರ ಸಾಕು, ಇದು ಮತ್ತ ಒಳಗ ಹೋಗೂದಿಲ್ಲ."

ಭರಮಪ್ಪ ಕಿಸಕ್ಕನೆ ನಕ್ಕ. ಶಟ್ಟೆಪ್ಪ ನಗಲಿಲ್ಲ.

"ಸಾಹೇಬ್ರ, ಕೆಲಸ ಬರತೈತಿ ಅಂತ ಕೊಡ್ತೀರೇನ್ರಿ, ಮೈಲಿಗಿ ಆಗ್ಲಿ ಅಂತ ಕೊಡ್ತೀರೇನ್ರಿ?"

ನಿಜಗುಣಪ್ಪನವರ ನಗು ಅರ್ಧಕ್ಕೇ ನಿಂತಿತು. ಶಟ್ಟೆಪ್ಪ ಉತ್ತರಕ್ಕೆ ಕಾಯಲಿಲ್ಲ. ಪೆಟ್ಟಿಗೆ ತೆಗೆದುಕೊಂಡು, ಲಾರಿಯ ಮಾಲಿನಿಂದ ಹತ್ತು ಬುಶ್ ಎತ್ತಿ, ಒಂದೊಂದಕ್ಕೂ ಗೇಜು ಹಿಡಿದು ನೋಡಿದ. ಹತ್ತಕ್ಕೆ ಹತ್ತೂ ನಾಪಾಸು. ರಜಿಸ್ಟರಿನಲ್ಲಿ ಹಾಗೆಯೇ ಬರೆದು, ಸಹಿ ಹಾಕಿ, ಪುಸ್ತಕವನ್ನು ರಾಯರ ಮುಂದೆ ಸರಿಸಿದ.

"ನೀವೂ ಸಹಿ ಮಾಡ್ರಿ ರಾಯರ. ಇವತ್ತ ಇಬ್ರೂ ಕಣ್ಣಾರೆ ನೋಡೇವಿ."