ಗಟ್ಟಿ ಮಾವನ ಹಗುರ ದೋಣಿ

ದೋಣಿ ಇಳಿಜಾರಿನಲ್ಲಿ ಜಾರಿ ನೀರು ಮುಟ್ಟಿದಾಗ ಅದನ್ನು ಕಟ್ಟಿದ ಯಾರ್ಡಿನವರೆಲ್ಲ ಚಪ್ಪಾಳೆ ತಟ್ಟಿದರು. ಆಮೇಲೆ ಒಬ್ಬೊಬ್ಬರೇ ನಿಲ್ಲಿಸಿದರು. ಹೊಟ್ಟೆಯ ಸುತ್ತ ಬಳಿದ ಬಿಳಿ ಗೆರೆಯವರೆಗೆ ಮಾತ್ರ ಮುಳುಗಬೇಕಿದ್ದ ದೋಣಿ, ಆ ಗೆರೆಯನ್ನೂ ನುಂಗಿ ಇನ್ನೊಂದು ಗೇಣು ಕೆಳಗೆ ಹೋಗಿ, ಹೊಟ್ಟೆ ಬಿರಿಯ ಉಂಡವರ ಹಾಗೆ ಹಾಯಾಗಿ ಕೂತಿತ್ತು.

ಗಟ್ಟಿ ಮಾವ ಮಾತ್ರ ತನ್ನ ಬೂಟು ನೋಡಿಕೊಳ್ಳುತ್ತ ನಿಂತ. ಅವನು ಆ ಹಡಗು ಕಟ್ಟುವ ಕಂಪನಿಯ ವೆಲ್ಡಿಂಗ್ ಮೇಸ್ತ್ರಿ, ಈಗಿನ ಯಜಮಾನಿಯ ಸೋದರಮಾವ. ನಕ್ಷೆಯಲ್ಲಿ ಏನೇ ಇರಲಿ, "ಇನ್ನೊಂಚೂರು ಗಟ್ಟಿ ಇರ್ಲಿ" ಅಂತ ಒಂದು ತುಂಡು ಕಬ್ಬಿಣ ಹೆಚ್ಚಿಗೆ ಬೆಸೆಯದಿದ್ದರೆ ಅವನಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ಅದಕ್ಕೇ ಆ ಹೆಸರು. ಇದನ್ನು ತಪ್ಪು ಅನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಯಾಕೆಂದರೆ ಅಲ್ಲಿ ಕಟ್ಟಿದ ಮೀನುದೋಣಿಗಳು ಎಂಥ ಬಿರುಗಾಳಿಯಿಂದಲೂ ಆಳುಗಳನ್ನು ಮನೆಗೆ ತಂದು ಬಿಟ್ಟಿದ್ದವು. ಯಾರ್ಡಿನಲ್ಲಿ ಎಲ್ಲರೂ ಅವನ ಗರಡಿಯಲ್ಲಿ ಪಳಗಿದವರೇ.

ಆದರೆ ಈಗ ಮೀನುಗಾರರೆಲ್ಲ ಫೈಬರ್ ದೋಣಿಗೆ ತಿರುಗಿಕೊಂಡಿದ್ದರು. ಕಬ್ಬಿಣದ ದೋಣಿ ಕೇಳಿ ಬರುವವರು ನಿಂತೇ ಹೋಗಿದ್ದರು. ಅಪ್ಪನ ನಂತರ ಕಂಪನಿ ಹೊತ್ತ ಯಜಮಾನಿ ಊರೂರು ಅಲೆದು, ಜನರನ್ನು ಈ ದಡದಿಂದ ಆ ದಡಕ್ಕೆ ದಾಟಿಸುವ ಬ್ಯಾಟರಿ ದೋಣಿಯ ಕೆಲಸ ಹಿಡಿದು ತಂದಿದ್ದಳು. ಇದು ಪರೀಕ್ಷೆಯಲ್ಲಿ ಪಾಸಾದರೆ ಇಂಥವೇ ಇನ್ನಷ್ಟು. ಇಲ್ಲದಿದ್ದರೆ ಗೇಟಿಗೆ ಬೀಗ. ದೋಣಿ ಇಷ್ಟು ಭಾರವಾದರೆ ಬ್ಯಾಟರಿ ಅರ್ಧ ದಾರಿಯಲ್ಲೇ ಕೈಕೊಡುವುದು ಖಂಡಿತ.

ಯಜಮಾನಿ ಎಲ್ಲರನ್ನೂ ಶೆಡ್ಡಿನಲ್ಲಿ ಸೇರಿಸಿದಳು.

"ಬ್ಯಾಟರಿ ತೂಕ ಸರಿಯಾಗೇ ಇದೆ. ನಕ್ಷೇನೂ ಸರಿ ಇದೆ. ಯಾರು ಏನು ಜಾಸ್ತಿ ಹಾಕಿದೀರಿ, ಹೇಳಿಬಿಡಿ. ಬೈಯಲ್ಲ."

ಗಟ್ಟಿ ಮಾವ ಎಲ್ಲರ ಮುಖವನ್ನೂ ಒಮ್ಮೆ ನೋಡಿದ. ಎತ್ತಿ ಆಡಿಸಿದ ಹುಡುಗಿಯ ಎದುರು, ತಾನೇ ಕೆಲಸ ಕಲಿಸಿದವರ ಮಧ್ಯೆ ತಲೆ ತಗ್ಗಿಸುವುದು ಸುಲಭವೇ? ಸುಮ್ಮನಿದ್ದರೂ ಅವಳು ಅವನ ಹೆಸರು ಎತ್ತುತ್ತಿರಲಿಲ್ಲ. ಅದು ಗೊತ್ತಿದ್ದದ್ದರಿಂದಲೇ ಅವನಿಗೆ ಸುಮ್ಮನಿರಲು ಆಗಲಿಲ್ಲ.

"ನಾನು ಹಾಕಿದೀನಿ," ಅಂದ. "ದೋಣಿ ಪಕ್ಕೆಲುಬಿನ ಪಟ್ಟಿಗಳ ನಡುವೆ ಒಂದೊಂದು ಜಾಸ್ತಿ. ತಳಕ್ಕೆ ಇನ್ನೊಂದು ಪದರ ತಗಡು."

ಕಟ್ಟೆ ಒಡೆದಂತಾಯಿತು. ಬೆಂಚುಗಳಿಗೆ ಎರಡರಷ್ಟು ದಪ್ಪದ ಹಲಗೆ ಹಾಕಿದ್ದಾಗಿ ಬಡಗಿ ಒಪ್ಪಿಕೊಂಡ. ಕೇಬಲ್ ಒಂದು ನಂಬರ್ ದಪ್ಪ ಎಳೆದಿದ್ದಾಗಿ ಎಲೆಕ್ಟ್ರಿಷಿಯನ್ ಹೇಳಿದ. ಬಣ್ಣದವಳು, "ಒಂದು ಕೈ ಸಾಲ್ದು ಅನ್ನಿಸ್ತು, ಮತ್ತೊಂದು ಕೈ ಹೊಡೆದೆ, ಆಮೇಲೂ ಮನಸ್ಸು ತಡೀಲಿಲ್ಲ," ಅಂದಳು.

ಯಜಮಾನಿಗೆ ನಗು ಬಂತು. ನಗುತ್ತ ನಗುತ್ತಲೇ ಕಣ್ಣೊರೆಸಿಕೊಂಡಳು.

"ಎಲ್ಲರೂ ಸೇರಿ ಪ್ರೀತಿಯಿಂದ ನನ್ನ ಮುಳುಗಿಸಿದ್ರಲ್ಲ," ಅಂದಳು.

ಆಮೇಲೆ ಅವಳು ಮಾವನನ್ನು ಪಕ್ಕಕ್ಕೆ ಕರೆದಳು. "ಜಾಸ್ತಿ ಇರೋದನ್ನೆಲ್ಲ ಕತ್ತರಿಸಬೇಕು ಮಾವ. ನಿಮ್ಮ ಬೆಸುಗೆ ಮೇಲೆ ಇಲ್ಲಿ ಯಾರೂ ಕಟರ್ ಇಡಲ್ಲ. ಹೊರಗಿನವರನ್ನ ಕರೆಸ್ತೀನಿ. ನೀವು ಆ ದಿನ ಮನೇಲಿರಿ."

ಇದು ಮಾವನಿಗೆ ನಾಟಿತು.

"ಹೊರಗಿನೋರು ಯಾಕೆ? ನಮ್ಮ ಮಗು ತಲೆ ನಾವೇ ಬಾಚಬೇಕು," ಅಂದ. ಆಮೇಲೆ ದನಿ ತಗ್ಗಿಸಿ ಕೇಳಿದ. "ಅಲ್ಲಮ್ಮ, ಕತ್ತರಿಸಿದ ಮೇಲೆ ಏನಾದ್ರೂ ಆದ್ರೆ? ಒಳಗೆ ಜನ ಇರ್ತಾರೆ."

"ನಕ್ಷೆ ಮಾಡಿದವರಿಗೂ ಅದೇ ಚಿಂತೆ ಇತ್ತು ಮಾವ. ಎಷ್ಟು ಬೇಕೋ ಅಷ್ಟು ಬಲ ಅವರೂ ಇಟ್ಟಿದಾರೆ. ಅದರ ಮೇಲೆ ನೀವೂ ಇಟ್ರಿ."

ದೋಣಿಯನ್ನು ಮತ್ತೆ ಮೇಲಕ್ಕೆಳೆದರು. ಗಟ್ಟಿ ಮಾವ ಕಟರ್ ಹಿಡಿದು ಒಳಗಿಳಿದ. ಹೆಚ್ಚಿಗೆ ಹಾಕಿದ ಮೊದಲ ಪಕ್ಕೆಲುಬಿನ ಮುಂದೆ ಕೂತು ಬೆಸುಗೆಯ ಮೇಲೆ ಬೆರಳಾಡಿಸಿದ. ಅದು ಅವನು ಮಾಡಿದ ಅತ್ಯಂತ ಅಂದದ ಬೆಸುಗೆಗಳಲ್ಲಿ ಒಂದಾಗಿತ್ತು, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ. ಬೇಜಾರಾಯಿತು, ತುಂಬಾ ಬೇಜಾರಾಯಿತು. ವೆಲ್ಡಿಂಗ್ ಮುಖವಾಡವನ್ನು ಕಣ್ಣಿನ ಮೇಲೆ ಎಳೆದುಕೊಂಡು ಕತ್ತರಿಸಿದ. ಆ ವಾರವೆಲ್ಲ ಶೆಡ್ಡಿನ ಮೂಲೆಯಲ್ಲಿ ಕಬ್ಬಿಣದ ರಾಶಿ ಏರುತ್ತ ಹೋಯಿತು. ಬಡಗಿ ಹಲಗೆ ತೆಳುವಾಗಿಸಿದ, ಬಣ್ಣದವಳು ಗೊಣಗುತ್ತ ಉಜ್ಜಿದಳು.

ಪರೀಕ್ಷೆಯ ದಿನ ಬಿಳಿ ಗೆರೆ ನೀರಿನ ಮೇಲೆ ಸರಿಯಾಗಿ ಕಂಡಿತು. ದೋಣಿ ಕೊಳ್ಳುವ ಸಂಸ್ಥೆಯ ಅಧಿಕಾರಿ ಮುಂದೆ ಕೂತರು. ಗಟ್ಟಿ ಮಾವ ಹಿಂದಿನ ಬೆಂಚಿನಲ್ಲಿ ಕೂತ. ಅವನನ್ನು ಯಾರೂ ಕರೆದಿರಲಿಲ್ಲ. ಏನಾದರೂ ಆಗುವುದಿದ್ದರೆ ತಾನೂ ಒಳಗಿರಬೇಕು ಅನ್ನುವುದು ಅವನ ಹಟ.

ನಡುನೀರಿನಲ್ಲಿ ದೊಡ್ಡ ಸರಕುಹಡಗೊಂದು ಅಡ್ಡ ಹಾಯಿತು. ಅದರ ಹಿಂದೆ ಎದ್ದ ಅಲೆ ಪಕ್ಕಕ್ಕೆ ಬಂದು ಅಪ್ಪಳಿಸಿತು. ಮಾವ ಎಲ್ಲಾದರೂ ಲಟಕ್ಕೆನ್ನುತ್ತದೆಯೇ ಅಂತ ಕಿವಿಗೊಟ್ಟ. ಇಂಜಿನ್ನಿನ ಗದ್ದಲವಿಲ್ಲದ ಆ ದೋಣಿಯಲ್ಲಿ ಸಣ್ಣಗೆ ಕಿರುಗುಟ್ಟಿದರೂ ಕೇಳಿಸುತ್ತಿತ್ತು. ಏನೂ ಕೇಳಿಸಲಿಲ್ಲ. ಅವನ ಹಳೆಯ ದೋಣಿಗಳು ಅಲೆಯನ್ನು ಎದೆಕೊಟ್ಟು ಸೀಳುತ್ತಿದ್ದವು. ಇದು ಅಲೆಯ ಜೊತೆ ಎದ್ದು, ಅಲೆಯ ಜೊತೆಗೇ ಇಳಿದು, ತನ್ನ ಪಾಡಿಗೆ ಹೋಯಿತು. ಹೀಗೂ ಬದುಕಬಹುದು ಅಂತ ಅವನಿಗೆ ಆ ವಯಸ್ಸಿನಲ್ಲಿ ಹೊಳೆಯಿತು. ಹೊಳೆದದ್ದಕ್ಕೆ ಖುಷಿಯೂ ಆಯಿತು.

ಹೋಗಿ ಬಂದ ಮೇಲೂ ಬ್ಯಾಟರಿಯಲ್ಲಿ ಚಾರ್ಜ್ ಉಳಿದಿತ್ತು. ಅಧಿಕಾರಿ ಯಜಮಾನಿಯ ಕೈಕುಲುಕಿ, ಮುಂದಿನವು ಅಲ್ಯೂಮಿನಿಯಂನಲ್ಲಿ ಆಗುತ್ತವೆಯೇ, ಇನ್ನೂ ಹಗುರ ಬೇಕು ಅಂದರು. ಅವಳು ಉತ್ತರಕ್ಕೆ ಮಾವನ ಮುಖ ನೋಡಿದಳು. ಅವನು ಅಲ್ಯೂಮಿನಿಯಂ ಬೆಸೆದವನೇ ಅಲ್ಲ. ಅದು ಬೇರೆಯದೇ ವಿದ್ಯೆ.

"ಆಗುತ್ತೆ," ಅಂದುಬಿಟ್ಟ ಗಟ್ಟಿ ಮಾವ.

ಅಧಿಕಾರಿ ಹೋದ ಮೇಲೆ ಸೋದರಸೊಸೆಯ ಹತ್ತಿರ ಬಂದು ನಿಂತ. "ನಂಗೆ ಯಾರು ಕಲಿಸ್ತಾರೆ?"

"ಒಬ್ಬಳು ಟೀಚರ್ ಇದಾಳೆ ಮಾವ, ಕರೆಸ್ತೀನಿ. ಚಿಕ್ಕ ವಯಸ್ಸು. ಸ್ವಲ್ಪ ಬೈತಾಳಂತೆ."

"ಬೈಲಿ ಬಿಡು," ಅಂದ ಮಾವ. "ನಾನು ಯಾರನ್ನ ಬೈಯದೆ ಕಲಿಸಿದೀನಿ?"