ಮೇಸ್ತ್ರಿಗೆ ಉಳಿದ ಮಾತು

ಬಾಗಿಲು ಮೇಸ್ತ್ರಿಗೆ ಲಕ್ವ ಹೊಡೆದಾಗ ಬಲಗೈ ಸೋತಿತು, ಬಲಗಾಲು ಎಳೆಯಿತು, ಮಾತಂತೂ ಹೇಳದೆ ಕೇಳದೆ ಮನೆ ಖಾಲಿ ಮಾಡಿಕೊಂಡು ಹೋಯಿತು. ಹೋಗುವಾಗ ಒಂದೇ ಒಂದು ಪದವನ್ನು ಹಿಂದೆ ಬಿಟ್ಟಿತು. ಅದಾದರೂ ಹುಟ್ಟಿದಂದಿನಿಂದ ಆಡಿದ ಭಾಷೆಯದಲ್ಲ, ಇಂಗ್ಲಿಷಿನದು. ‘ಸೆಟ್.’

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ಮೇಲೆ ಡಾಕ್ಟರು ಹೆಸರು ಕೇಳಿದರು. ಮೇಸ್ತ್ರಿ ಗಂಭೀರವಾಗಿ, ಸ್ಪಷ್ಟವಾಗಿ ಸೆಟ್ ಎಂದರು. ಮನೆ ಎಲ್ಲಿ ಎಂದರೆ ಸೆಟ್. ಪಕ್ಕದಲ್ಲಿ ನಿಂತವಳನ್ನು ತೋರಿಸಿ ಇವರು ಯಾರು ಎಂದು ಕೇಳಿದಾಗ ಹೆಂಡತಿಯ ಮುಖವನ್ನೇ ನೋಡಿದರು, ಬಾಯಿ ತೆರೆದರು, ಹೊರಬಂದದ್ದನ್ನು ಕೇಳಿ ತಾವೇ ಬೆಚ್ಚಿದರು. ಇವರಿಗೆ ಎಲ್ಲವೂ ತಿಳಿಯುತ್ತದೆ, ಪದ ಹೊರಗೆ ಬರುವ ದಾರಿ ಮಾತ್ರ ಕಟ್ಟಿದೆ ಎಂದು ಡಾಕ್ಟರು ವಿವರಿಸಿದರು. ಕೆಲವರಿಗೆ ಹೀಗೆ ಯಾವುದೋ ಒಂದು ಪದ ನಾಲಗೆಗೆ ಅಂಟಿಕೊಂಡು ಉಳಿದುಬಿಡುತ್ತದಂತೆ. ಕೆಲವರಿಗೆ ಬರೀ ಬೈಗುಳ ಉಳಿಯುತ್ತದಂತೆ. ಹಾಗೆ ನೋಡಿದರೆ ನಮ್ಮದು ಪುಣ್ಯ ಎಂದುಕೊಂಡಳು ಹೆಂಡತಿ.

ಅದೇ ಪದ ಯಾಕೆ ಉಳಿಯಿತು ಎಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಮೇಸ್ತ್ರಿಯ ಕೆಲಸವೇ ಬಾಗಿಲು ಕೂರಿಸುವುದು. ಚೌಕಟ್ಟು ನಿಲ್ಲಿಸಿ, ಬಾಗಿಲು ತಗುಲಿಸಿ, ಅಂಚನ್ನು ಕೂದಲೆಳೆಯಷ್ಟು ಕೆರೆದು, ಕೊನೆಗೆ ಒಂದೇ ಬೆರಳಿನಿಂದ ತಳ್ಳುವರು. ಬಾಗಿಲು ಸದ್ದಿಲ್ಲದೆ ಹೋಗಿ ತನ್ನ ಜಾಗದಲ್ಲಿ ಕೂತರೆ ‘ಸೆಟ್’ ಎನ್ನುವರು. ಗರಗಸದ ಹಲ್ಲುಗಳನ್ನು ಒಂದು ಆ ಕಡೆ ಒಂದು ಈ ಕಡೆ ಬಾಗಿಸುವುದಕ್ಕೂ ಸೆಟ್, ಅಂಟು ಒಣಗಿ ಹಿಡಿದುಕೊಂಡರೂ ಸೆಟ್, ಮಗಳಿಗೆ ಕೆಲಸ ಸಿಕ್ಕ ದಿನವೂ ಸೆಟ್. ಊಟ ಹೇಗಿತ್ತು ಎಂದು ಕೇಳಿದರೂ ಅದೇ. ಚೆನ್ನಾಗಿದೆ ಅಂತ ಬಾಯಿಬಿಟ್ಟು ಹೇಳಿದರೆ ನಿಮ್ಮ ಗಂಟೇನು ಹೋಗುತ್ತೆ ಎಂದು ಅವಳು ಗೊಣಗಿದ್ದುಂಟು. ಈಗ ನೋಡಿದರೆ, ಎಲ್ಲ ಪದಗಳೂ ಕೈಕೊಟ್ಟಾಗ ಆ ಸವೆದ ಪದವೊಂದೇ ನಂಬಿಕೆಯ ಆಳಿನಂತೆ ಮನೆ ಕಾಯುತ್ತ ನಿಂತಿತ್ತು.

ಅವಳನ್ನು ಬೀದಿಯವರೆಲ್ಲ ಟೈಲರಮ್ಮ ಎನ್ನುತ್ತಾರೆ. ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಮೆಷಿನ್ನು, ಕಿಟಕಿಯ ಪಕ್ಕ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಮೇಜು ಮೇಸ್ತ್ರಿಯೇ ಮಾಡಿಕೊಟ್ಟದ್ದು, ಗೋಲಿ ಇಟ್ಟರೆ ಇಟ್ಟಲ್ಲೇ ಕೂತಿರುವಷ್ಟು ಮಟ್ಟ. ಅದರ ವಿಷಯದಲ್ಲಿ ಅವರದೊಂದು ಹುಚ್ಚು. ಕೈ ತೊಳೆಯದೆ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಮನೆಗೆ ಬಂದವರು ಯಾರಾದರೂ ಅದರ ಮೇಲೆ ಲೋಟ ಇಟ್ಟರೆ, ಎಂಥ ದೊಡ್ಡ ಮನುಷ್ಯನೇ ಆಗಲಿ, ಲೋಟವನ್ನೆತ್ತಿ ಅವನ ಕೈಗೇ ಕೊಡುವರು. ಹೆಂಡತಿಯನ್ನು ಹೊಗಳಿದ ಗಂಡಸಲ್ಲ, ಹೆಂಡತಿಯ ಬಟ್ಟೆಗೆ ಮಾತ್ರ ಸದಾ ಕಾವಲು. ಕಾಯಿಲೆ ಬಿದ್ದ ಮೇಲೆ ಆ ಮೇಜಿನ ಒಂದು ತುದಿ ಮೇಸ್ತ್ರಿಯ ಪಾಲಿಗೆ ಬಂತು. ಅಲ್ಲೇ ಅವರ ಕುರ್ಚಿ, ಅಲ್ಲೇ ಮಾತ್ರೆ, ಅಲ್ಲೇ ನೀರಿನ ಜಗ್ಗು. ಇನ್ನೊಂದು ತುದಿಯಲ್ಲಿ ಅವಳ ಬಟ್ಟೆ, ಕತ್ತರಿ, ಟೇಪು.

ಆಸ್ಪತ್ರೆಯಿಂದ ಬಂದ ಕೆಲವೇ ವಾರಗಳಲ್ಲಿ ಟೈಲರಮ್ಮ ಆ ಒಂದು ಪದದಲ್ಲಿ ಪಂಡಿತೆಯಾದಳು. ಅದರ ಕೊನೆಯನ್ನು ಎಳೆದು ಇಳಿಸಿದರೆ ದಿಂಬು. ಎರಡು ಸಲ ಚುರುಕಾಗಿ ಅಂದರೆ ಫ್ಯಾನ್ ನಿಲ್ಲಿಸು. ಹುಬ್ಬು ಏರಿಸಿ ಕೇಳಿದರೆ ಬಾಗಿಲಲ್ಲಿ ಯಾರು. ಮೂಗಿನಿಂದ ಬಂದರೆ ಈ ಮಾತ್ರೆ ಬೇಡ. ಎಡಗೈ ಚಪ್ಪಟೆ ಮಾಡಿ ಹಿಡಿದರೆ ಸಾಕು, ಇನ್ನು ಬಡಿಸಬೇಡ. ಅವರು ಬಾಯಿ ತೆರೆಯುವ ಮೊದಲೇ ಅವಳು ಎದ್ದಿರುತ್ತಿದ್ದಳು. ನೋಡಲು ಬಂದ ನೆರೆಮನೆಯವರು ಮೂಗಿನ ಮೇಲೆ ಬೆರಳಿಟ್ಟರು. ಇಷ್ಟು ವರ್ಷ ಮೌನಿಯಾಗಿದ್ದ ಗಂಡ ಏನು ಯೋಚಿಸುತ್ತಾನೆ ಎಂದು ತಲೆ ಕೆರೆದುಕೊಂಡವಳಿಗೆ ಈಗ ಎಲ್ಲವೂ ಅಂಗೈಯಲ್ಲಿ ಸಿಕ್ಕ ಹಾಗಿತ್ತು. ಹೇಳಬಾರದು, ಆದರೆ ಅವಳಿಗೆ ಅದು ಒಳಗೊಳಗೇ ಹಿಡಿಸಿತ್ತು.

ಮಗಳು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಒಂದು ರಜೆಯ ದಿನ ತಲೆದಿಂಬಿನ ಗಾತ್ರದ ಇಂಗ್ಲಿಷ್ ನಿಘಂಟನ್ನು ಹೊತ್ತು ತಂದು ಅಪ್ಪನ ಮುಂದೆ ತೆರೆದಳು. ಅಪ್ಪನ ಪದ ಸಣ್ಣಪುಟ್ಟದ್ದಲ್ಲ, ಇಡೀ ನಿಘಂಟಿನಲ್ಲೇ ಅತಿ ಹೆಚ್ಚು ಅರ್ಥಗಳಿರುವ ಪದಗಳ ಸಾಲಿಗೆ ಸೇರಿದ್ದು ಎಂದಳು. ಪುಟ ತಿರುಗಿಸಿದಷ್ಟೂ ಅದೇ ಪದ. ಸೂರ್ಯ ಮುಳುಗುವುದೂ ಸೆಟ್, ಗಡಿಯಾರ ಸರಿಮಾಡುವುದೂ ಸೆಟ್, ಮುರಿದ ಮೂಳೆ ಕೂಡಿಸುವುದು, ಹರಳು ಕೂರಿಸುವುದು, ನಾಟಕದ ಹಿಂದಿನ ಪರದೆ ಗೋಡೆಗಳು, ನೆಡುವ ಪುಟ್ಟ ಈರುಳ್ಳಿ ಗೆಡ್ಡೆ, ಟೆನ್ನಿಸ್ ಆಟದ ಒಂದು ಪಾಲು, ಎಲ್ಲ ಸೆಟ್. ಬಾಯಲ್ಲಿ ಹಲ್ಲಿಲ್ಲದವರ ಹಲ್ಲೂ ಸೆಟ್ಟೇ ಎಂದು ಟೈಲರಮ್ಮ ತನ್ನದೊಂದು ಸೇರಿಸಿದಳು. ಮೇಸ್ತ್ರಿ ತಲೆಯಾಡಿಸುತ್ತ ಕೇಳಿದರು. ತಾನು ಬಾಗಿಲಿಗೆ ಮೀಸಲಿಟ್ಟಿದ್ದ ಪದ ಇಷ್ಟು ಕಡೆ ದುಡಿಯುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ.

ಮಗಳು ಪದದ ಮೂಲವನ್ನೂ ಓದಿ ಹೇಳಿದಳು. ಅದಕ್ಕೆ ಎರಡು ಮನೆತನ. ಒಂದು ಹಳೇ ಇಂಗ್ಲಿಷಿನದು, ಅದರ ಅರ್ಥ ಕೂರಿಸುವುದು. ಅಪ್ಪ ಬಾಗಿಲು ಕೂರಿಸಿದ ಹಾಗೆಯೇ. ಇನ್ನೊಂದು ಲ್ಯಾಟಿನ್ನಿನಿಂದ ಹೊರಟು ಫ್ರೆಂಚಿನ ಮೂಲಕ ಬಂದದ್ದು, ಜೊತೆಯಲ್ಲಿ ಹಿಂಬಾಲಿಸಿ ಬರುವವರು ಎಂಬ ಅರ್ಥದ್ದು. ಟೀ ಸೆಟ್ಟು ಆ ಕಡೆಯದು, ಕಪ್ಪಿನ ಹಿಂದೆ ಬಸಿ, ಬಸಿಯ ಹಿಂದೆ ಕೆಟಲ್ಲು. ಬರುಬರುತ್ತ ಎರಡೂ ಒಂದೇ ಪದದೊಳಗೆ ಬೆರೆತುಹೋದವಂತೆ.

"ಹಾಗಾದ್ರೆ ಕೂರಿಸೋರು ನಿಮ್ಮಪ್ಪ, ಹಿಂದೆ ಬಂದೋಳು ನಾನು" ಎಂದಳು ಟೈಲರಮ್ಮ. ಮೇಸ್ತ್ರಿಯ ಮುಖದ ಎಡಭಾಗ ನಕ್ಕಿತು.

ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ ಮಾತಿನ ಟೀಚರಿಗೆ ಇದನ್ನೆಲ್ಲ ತೋರಿಸುವ ಆತುರ ಅವಳಿಗೆ. ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವುದೇ ಆ ಹೆಂಗಸಿನ ಕೆಲಸ. ಮೇಸ್ತ್ರಿ ಸೆಟ್ ಎನ್ನುವುದು, ಟೈಲರಮ್ಮ ಅರ್ಥ ಹೇಳುವುದು, ಒಂದೂ ತಪ್ಪಲಿಲ್ಲ. ಟೀಚರ್ ಮೆಚ್ಚಿಕೊಂಡರು, ಆಮೇಲೆ ಟೈಲರಮ್ಮನ ಕಡೆ ತಿರುಗಿದರು.

"ಅಮ್ಮಾ, ತಪ್ಪು ತಿಳ್ಕೋಬೇಡಿ. ನಿಮಗೆ ಇಷ್ಟು ಚೆನ್ನಾಗಿ ಅರ್ಥ ಆಗ್ತಾ ಇದ್ರೆ ಅವರಿಗೆ ಇನ್ನೊಂದು ಪದ ಯಾಕೆ ಬೇಕು?"

ಟೈಲರಮ್ಮನ ಮುಖ ಸಪ್ಪಗಾಯಿತು. ಟೀಚರ್ ಮೇಸ್ತ್ರಿಯ ಕಡೆಗೂ ತಿರುಗಿ ವಿವರಿಸಿದರು. ದಾರಿ ತೆರೆಯಲು ಈ ಮೊದಲ ತಿಂಗಳುಗಳೇ ಒಳ್ಳೆಯ ಕಾಲ, ಆಮೇಲೆ ಆಗದೆಂದಲ್ಲ, ಕಷ್ಟವಾಗುತ್ತದೆ. ದಿನವೂ ಸ್ವಲ್ಪ ಹೊತ್ತು ಅಮ್ಮ ಏನೂ ತಿಳಿಯದವರಂತೆ ಇರಬೇಕು, ಪದದ ಮೊದಲ ಅಕ್ಷರ ಎತ್ತಿಕೊಟ್ಟು ಅವರ ತುಟಿ ನೋಡುತ್ತ ಕಾಯಬೇಕು. ಒಪ್ಪಿಗೆಯೇ ಎಂದು ಕೇಳಿದಾಗ ಮೇಸ್ತ್ರಿ ಸೆಟ್ ಎಂದರು. ಇದಕ್ಕೆ ಅರ್ಥ ಯಾರೂ ಹೇಳಬೇಕಾಗಿರಲಿಲ್ಲ.

ಒಪ್ಪುವುದೇನೋ ಸುಲಭವಾಗಿತ್ತು. ಮಾರನೆಯ ದಿನ ಮೇಸ್ತ್ರಿ ಎಳೆದು ಇಳಿಸಿ ಸೆಟ್ ಎಂದರು. ಟೈಲರಮ್ಮ ಬೆನ್ನಿಗೆ ದಿಂಬು ಕೊಡುವ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, "ಏನ್ರೀ? ಅರ್ಥ ಆಗ್ಲಿಲ್ಲ. ದಿಂ..." ಎಂದು ಕಾದಳು. ಮೇಸ್ತ್ರಿಯ ತುಟಿ ಒದ್ದಾಡಿತು. ಬಂದದ್ದು ಸೆಟ್. ನೀರು ಎಂಬುದಕ್ಕೆ ನೀ ಎತ್ತಿಕೊಟ್ಟಳು, ಬಂದದ್ದು ಸೆಟ್. ದಿನಕಳೆದಂತೆ ಅವರು ಅವಳನ್ನು ನೋಡುವ ರೀತಿಯೇ ಬದಲಾಯಿತು. ಎಲ್ಲ ಗೊತ್ತಿದ್ದೂ ಬಾಗಿಲು ಹಾಕಿಕೊಂಡವಳನ್ನು ನೋಡುವಂಥ ನೋಟ. ಕೊನೆಗೆ ಅವರು ಕೇಳುವುದನ್ನೇ ಬಿಟ್ಟರು. ದಿಂಬಿಲ್ಲದೆ ಕೂತರು, ಬಾಯಾರಿದರೂ ಕೂತರು. ಇದ್ದ ಒಂದು ಪದವೂ ಅಪರೂಪವಾಯಿತು.

ಅಡುಗೆಮನೆಯಲ್ಲಿ ನಿಂತು ಅವಳು ಫೋನಿನಲ್ಲಿ ಮಗಳ ಹತ್ತಿರ ಅತ್ತಳು. "ಇರೋದೂ ಹೋದ್ರೆ ಏನು ಮಾಡ್ಲಿ ಕಣೇ? ನಾನು ಇದನ್ನ ಬಿಟ್ಬಿಡ್ತೀನಿ. ಆ ಒಂದು ಪದದಲ್ಲೇ ಬದುಕ್ತೀವಿ." ಮಗಳು ಬೇಡವೆನ್ನಲಿಲ್ಲ. ಇವತ್ತೊಂದು ದಿನ ನೋಡು, ನಾಳೆ ನಾನು ಬರುತ್ತೇನೆ, ಟೀಚರಿಗೆ ಇಬ್ಬರೂ ಸೇರಿ ಹೇಳೋಣ ಎಂದಳು. ಟೈಲರಮ್ಮ ಕಣ್ಣು ಒರೆಸಿಕೊಂಡಳು. ಇವತ್ತೇ ಕೊನೆ ಎಂದು ಗಟ್ಟಿ ಮಾಡಿಕೊಂಡು ಮುಂದಿನ ಕೋಣೆಗೆ ಬಂದಳು.

ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಮೇಜಿನ ಮೇಲೆ ಬಿದ್ದಿತ್ತು. ಅದರ ಆ ತುದಿಯಲ್ಲಿ ಹಾಡುಗಾರ್ತಿಯೊಬ್ಬಳ ಉದ್ದ ಕೋಟಿಗೆಂದು ಬೆಳಗ್ಗೆ ಕತ್ತರಿಸಿಟ್ಟ ಕೆನೆಬಣ್ಣದ ರೇಷ್ಮೆ ಹರಡಿಕೊಂಡಿತ್ತು. ನೀರು ಬಿದ್ದರೆ ಕಲೆ ಉಳಿಸಿಕೊಳ್ಳುವ ಜಾತಿಯದು. ಮಡಚಿಡಬೇಕೆಂಬುದನ್ನು ಅಳುವಿನಲ್ಲಿ ಮರೆತಿದ್ದಳು. ಈ ತುದಿಯಲ್ಲಿ ಮೇಸ್ತ್ರಿ ಬೀದಿ ನೋಡುತ್ತ ಕೂತಿದ್ದರು. ಅವಳು ಅವರ ಮುಂದೆ ಲೋಟವಿಟ್ಟು ಜಗ್ಗು ಎತ್ತಿ ನೀರು ಸುರಿಯತೊಡಗಿದಳು. ಲೋಟ ತುಂಬುತ್ತ ಬಂದಾಗ ಮೇಸ್ತ್ರಿ ಎಡಗೈ ಚಪ್ಪಟೆ ಮಾಡಿ ಸೆಟ್ ಎಂದರು. ಅವಳು ಕೈ ನಿಲ್ಲಿಸಲಿಲ್ಲ.

"ಏನ್ರೀ? ಅರ್ಥ ಆಗ್ಲಿಲ್ಲ. ಸಾ..."

"ಸೆಟ್."

"ಸಾ..." ಎಂದು ಅವಳು ಮತ್ತೆ ಎತ್ತಿಕೊಟ್ಟಳು. ಕಣ್ಣು ಅವರ ತುಟಿಯ ಮೇಲೆಯೇ. ನೀರು ಲೋಟದ ಅಂಚು ಮೀರಿ ಮೇಜಿಗೆ ಇಳಿಯಿತು. ಅಷ್ಟು ಮಟ್ಟದ ಮೇಜು, ನೀರಿಗೆ ಯಾವ ಕಡೆ ಹರಿಯಬೇಕೆಂದು ತಿಳಿಯದೆ ಎಲ್ಲ ಕಡೆಗೂ ಸಮನಾಗಿ ಹಬ್ಬಿತು. ಮೇಸ್ತ್ರಿ ಸೆಟ್ ಸೆಟ್ ಎನ್ನುತ್ತ ಎಡಗೈಯನ್ನು ಮೇಜಿನ ಆ ತುದಿಗೆ ಚಾಚಿದರು. ಜಗ್ಗು ಕಸಿಯಲು ಬಂದರೆಂದು ಅವಳು ಅದನ್ನು ಇನ್ನಷ್ಟು ಎತ್ತಿ ಹಿಡಿದಳು. ಆಗ ಮೇಸ್ತ್ರಿ ಮಾಡಿದ್ದೇ ಬೇರೆ. ಎಡಗೈಯಿಂದ ತಮ್ಮ ಸೋತ ಬಲಗೈಯನ್ನು ಹಿಡಿದೆತ್ತಿ, ಹಲಗೆಯನ್ನಿಟ್ಟ ಹಾಗೆ, ಹಬ್ಬುತ್ತಿದ್ದ ನೀರಿಗೆ ಅಡ್ಡಲಾಗಿ ಮೇಜಿನ ಮೇಲೆ ಇಟ್ಟರು. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು.

"ಬ... ಬಟ್ಟೆ."

ಟೈಲರಮ್ಮನ ಕೈಯಲ್ಲಿ ಜಗ್ಗು ನಿಂತಿತು.

"ಬಟ್ಟೆ! ಬಟ್ಟೆ!"

ಅವಳು ತಿರುಗಿ ನೋಡಿದಳು. ಅವರ ತೋಳಿನ ಈ ಕಡೆ ನೀರು ಕಟ್ಟಿ ನಿಂತಿತ್ತು. ಆ ಕಡೆ ರೇಷ್ಮೆ. ಮೊಣಕೈ ತಲುಪದ ಒಂದು ಮೂಲೆಯಿಂದ ಮಾತ್ರ ನೀರು ನುಸುಳಿ ಬಟ್ಟೆಯ ಅಂಚನ್ನು ಬೆರಳಗಲ ಒದ್ದೆ ಮಾಡಿತ್ತು. ಜಗ್ಗನ್ನು ನೆಲದ ಮೇಲಿಟ್ಟು, ರೇಷ್ಮೆಯನ್ನು ಎರಡೂ ಕೈಯಲ್ಲಿ ಬಾಚಿ ಎದೆಗೊತ್ತಿಕೊಂಡು ನಿಂತಳು. ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ.

ಇಷ್ಟು ದಿನ ಅವಳು ಅವರ ಬಾಯಿಂದ ಎಳೆಯಲು ನೋಡಿದ್ದು ಅವರಿಗೆ ಬೇಕಾದವುಗಳ ಹೆಸರನ್ನು. ದಿಂಬು, ನೀರು, ಫ್ಯಾನ್. ಅವರಿಗಾಗಿ ಯಾವುದೂ ಬರಲಿಲ್ಲ. ಬಂದ ಮೊದಲ ಪದ ಅವಳದು, ಅವಳ ಮೇಜಿನ ಮೇಲಿನದು. ಹೊಗಳದ ಗಂಡ ಎಂದು ಎಷ್ಟು ಸಲ ಗೊಣಗಿದ್ದಳೋ, ಆ ಎಲ್ಲ ಗೊಣಗೂ ಈಗ ಅವಳೊಳಗೆ ಕರಗಿ ನೀರಾಯಿತು. ಟೀಚರಿಗೆ ಮನಸ್ಸಿನಲ್ಲೇ ಕೈ ಮುಗಿದಳು. ಈ ದಿನದವರೆಗೆ ಮನೆ ಕಾದುಕೊಟ್ಟ ಆ ಇಂಗ್ಲಿಷ್ ಪದಕ್ಕೂ ಮುಗಿದಳು. ಅದು ಇರದಿದ್ದರೆ ಇವರು ಬಾಯಿ ತೆರೆಯುವ ಅಭ್ಯಾಸವನ್ನೇ ಬಿಟ್ಟಿರುತ್ತಿದ್ದರು ಎಂದುಕೊಂಡಳು.

ಮೇಸ್ತ್ರಿ ಮಾತ್ರ ಇನ್ನೂ ತೋಳು ತೆಗೆದಿರಲಿಲ್ಲ. ಅಂಗಿಯ ತೋಳೆಲ್ಲ ತೊಯ್ದಿತ್ತು. ಗಾಬರಿಯಿಂದ ಬಟ್ಟೆಯ ಕಡೆಗೇ ನೋಡುತ್ತಿದ್ದರು. ತಾವೊಂದು ಹೊಸ ಪದ ಆಡಿದೆವೆಂಬುದು ಅವರ ಗಮನಕ್ಕೆ ಬಂದಂತಿರಲಿಲ್ಲ. ಅವಳು ಒದ್ದೆಯಾದ ಅಂಚನ್ನು ಬೆಳಕಿಗೆ ಹಿಡಿದು ತೋರಿಸಿದಳು. ಹೊಲಿಗೆಯ ಒಳಕ್ಕೆ ಮಡಚಿ ಹೋಗುವ ಜಾಗ, ಹೊರಗೆ ಯಾರಿಗೂ ಕಾಣುವುದಿಲ್ಲ ಎಂದು ಹೇಳಿದಳು. ಮೇಸ್ತ್ರಿ ಕಣ್ಣು ಕಿರಿದು ಮಾಡಿ ಅಂಚನ್ನು ಪರೀಕ್ಷಿಸಿದರು, ತಾವು ಕೂರಿಸಿದ ಬಾಗಿಲನ್ನು ಪರೀಕ್ಷಿಸುತ್ತಿದ್ದ ಹಾಗೆಯೇ. ಆಮೇಲೆ ಕುರ್ಚಿಗೆ ಒರಗಿ ದೊಡ್ಡ ಉಸಿರು ಬಿಟ್ಟರು.

"ಸೆಟ್" ಎಂದರು.

ಅವಳು ಒದ್ದೆ ತೋಳನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡು ಒರೆಸತೊಡಗಿದಳು.

"ಅರ್ಥ ಆಯ್ತು ರೀ" ಎಂದಳು.