ದ್ವಾದಶಿಯ ಜಾಮೀನು

ಮದುವೆಯಾದ ಮೇಲೆ ಇದು ಎರಡನೇ ಹತ್ತಿ ಸುಗ್ಗಿ. ಆದರೂ ಕೊಂಡಮ್ಮ ಗಂಡನ ಜೊತೆ ಮಾತಾಡುತ್ತಿದ್ದದ್ದು ಆದವಾನಿಯ ಜಿನ್ನಿಂಗ್ ಮಿಲ್ಲಿನ ಗೇಟಿನ ಪಕ್ಕದ ಬೇವಿನ ಗಿಡದ ಕೆಳಗೆ ಮಾತ್ರ. ಸುಂಕಣ್ಣ ಅದೇ ಮಿಲ್ಲಿನಲ್ಲಿ ಹಮಾಲಿ. ರಾತ್ರಿ ಉಳಿದ ಹಮಾಲರ ಜೊತೆ ಹತ್ತಿ ಒತ್ತಿ ತುಂಬಿದ ಅಂಡಿಗೆಗಳ ಮೇಲೆಯೇ ಮಲಗುತ್ತಿದ್ದ. ಕೊಂಡಮ್ಮ ಮಿಷನ್ನಿಗೆ ಹತ್ತಿ ಹಾಕುವ ಹೆಂಗಸರ ಲೈನಿನಲ್ಲಿದ್ದಳು. ಅವಳು ಮಲಗುತ್ತಿದ್ದದ್ದು ಚಿಕ್ಕಮ್ಮನ ಒಂದೇ ಕೋಣೆಯಲ್ಲಿ, ಚಿಕ್ಕಮ್ಮನ ಮಕ್ಕಳ ಕೈಕಾಲುಗಳ ನಡುವೆ.

ಲೈನಿನ ಹೆಂಗಸರಿಗೆ ಇದಕ್ಕಿಂತ ದೊಡ್ಡ ತಮಾಷೆ ಇರಲಿಲ್ಲ.

“ಏನ ಕೊಂಡಿ, ಮಗ ಯಾವಾಗ ಹುಟ್ಟತಾನ?”

“ಆಕಿಗ್ಯಾಕ ಕೇಳ್ತಿ? ಬೇವಿನ ಗಿಡದ ಕೆಳಗ ನಿಂತ್ರ ಬೇವಿನಕಾಯಿ ಹುಟ್ಟತಾವ ಅಷ್ಟ.”

ಕೊಂಡಮ್ಮನೂ ನಗುತ್ತಿದ್ದಳು. ಆದರೆ ಆ ವಾರ ನಗು ಬರಲಿಲ್ಲ. ಗಂಡನ ಊರಾದ ಪೆದ್ದಹರಿವಾಣದಿಂದ ಅತ್ತೆ ಬಸವಕ್ಕ ಹೇಳಿ ಕಳಿಸಿದ್ದಳು: ‘ಗುರುವಾರ ಸಂಜಿ ಬಸ್ಸಿಗೆ ಬರ್ತೀನಿ. ಅಷ್ಟರಾಗ ಆದವಾನ್ಯಾಗ ಮನಿ ಮಾಡಿದ್ರ ಸರಿ. ಇಲ್ಲಂದ್ರ ಸೊಸೀನ ಕರಕೊಂಡು ಹೋಗ್ತೀನಿ. ಸಂಸಾರ ಅಂದ್ರ ಗೇಟಿನ್ಯಾಗ ನಿಂತು ಮಾತಾಡೋದಲ್ಲ.’

ಮನೆಗಳಿದ್ದವು. ಬಾಡಿಗೆ ಕೊಡುವಷ್ಟು ಕೂಲಿಯೂ ಇಬ್ಬರಿಗೂ ಇತ್ತು. ಎಲ್ಲ ಕಡೆ ಅಡ್ಡ ಬರುತ್ತಿದ್ದದ್ದು ಅಡ್ವಾನ್ಸು. ಆರು ತಿಂಗಳ ಬಾಡಿಗೆಯನ್ನು ಒಂದೇ ಸಲ ಕೈಯಲ್ಲಿ ಹಿಡಿದು ಬರುವ ಹಮಾಲಿ ಯಾರಿದ್ದಾನೆ?

ಲೈನಿನ ಮೇಸ್ತ್ರಿ ಗುರುಬಸಮ್ಮ ಸೋಮವಾರ ಮಧ್ಯಾಹ್ನ ರೊಟ್ಟಿಯ ಗಂಟು ಬಿಚ್ಚುತ್ತಾ ಎಲ್ಲರಿಗೂ ಕೇಳುವಂತೆ ಹೇಳಿದಳು: “ಅಂಬೂಬಾಯಾರ ಹಿತ್ತಲ ಖೋಲಿ ಖಾಲಿ ಐತಂತ. ಏಳ್ರಿ. ನಮ್ಮ ಹತ್ರ ರೊಕ್ಕ ಇಲ್ಲ, ಖರೆ. ನಾವ ಅದೀವಿ ಗದಾ? ಜಾಮೀನು ನಿಲ್ಲೋಣು.”

ಅಂಬೂಬಾಯಿಯ ಮನೆ ಮಿಲ್ಲಿನ ಹಿಂದಿನ ಓಣಿಯಲ್ಲೇ ಇತ್ತು. ಕಟ್ಟೆಯ ಮೇಲೆ ಆಕೆಯ ಗಂಡ ಜಯತೀರ್ಥಾಚಾರ್ಯರು ಕೂತಿದ್ದರು. ಹತ್ತಿ ಮಂಡಿಯ ಕಮಿಷನ್ ಅಂಗಡಿಯಲ್ಲಿ ಗುಮಾಸ್ತರಾಗಿ ತಲೆ ಹಣ್ಣಾದ ಮನುಷ್ಯ. ಈಗ ಪಂಚಾಂಗ ನೋಡುವುದು, ಹೋಗಿಬರುವವರನ್ನು ನೋಡುವುದು, ಇಷ್ಟೇ ಕೆಲಸ. ಹತ್ತಿಯ ಎಳೆ ತಲೆಗೆಲ್ಲ ಮೆತ್ತಿಕೊಂಡ ಏಳು ಹೆಂಗಸರು, ಅವರ ಹಿಂದೆ ಕೊಂಡಮ್ಮ, ಒಮ್ಮೆಲೇ ಅಂಗಳಕ್ಕೆ ಬಂದದ್ದನ್ನು ಕಂಡು ಅವರು ಎದ್ದು ನಿಂತರು.

ಒಳಗಿಂದ ಒದ್ದೆ ಸೀರೆಯ ಅಂಬೂಬಾಯಿ ಅಡುಗೆಮನೆಯ ಹೊಸಿಲಿಗೆ ಬಂದರು. “ಅಲ್ಲೇ ನಿಂದರ್ರಿ. ಮಡಿಯೊಳಗ ಇದ್ದೀನಿ.”

ಗುರುಬಸಮ್ಮ ವಿಷಯ ಹೇಳಿದಳು.

“ಅಡ್ವಾನ್ಸ್ ಇಲ್ಲದ ನಾ ಕೊಡೂದಿಲ್ಲವ್ವ,” ಎಂದರು ಅಂಬೂಬಾಯಿ. “ಹಿಂದಿದ್ದಾವ ಏನು ಮಾಡಿದ ಗೊತ್ತದ ಏನು? ಬಾಡಿಗಿ ಬಾಕಿ ಇಟ್ಟು ಹೋದ. ಹೋಗ್ಲಿ. ಹೋಗೂ ಮುಂದ ಬಾಗಿಲಾನೂ ಕಿತಗೊಂಡು ಹೋದ. ಬಾಗಿಲಾ! ಈಗ ಆ ಖೋಲಿಗೆ ನನ್ನ ಹಳೇ ಸೀರಿ ಕಟ್ಟೇನಿ.”

“ನಾವು ಏಳು ಮಂದಿ ಜಾಮೀನಮ್ಮಾ. ಕೊಂಡಿ ಒಂದು ತಿಂಗಳ ತಪ್ಪಿದ್ರ ಬಟವಾಡಿ ದಿನ ನಾವ ತುಂಬಿಸಿ ಕೊಡ್ತೀವಿ. ಗ್ವಾಡಿ ಕೆಟ್ರ ನಾವ ಮಣ್ಣು ಮೆತ್ತತೀವಿ, ಸುಣ್ಣ ಬಳೀತೀವಿ.”

“ಬಾಯಿಮಾತು. ಅವನೂ ಬಾಯಿಮಾತೇ ಹೇಳಿದ್ದ.”

ಕಟ್ಟೆಯ ಮೇಲಿಂದ ಆಚಾರ್ಯರು ಮೆಲ್ಲಗೆ ಅಂದರು: “ಬಾಯಿಮಾತು ಬ್ಯಾಡಾದ್ರ ಟವೆಲ್ ಅದ.”

ಆದವಾನಿಯ ಹತ್ತಿ ಮಂಡಿಯಲ್ಲಿ ದರವನ್ನು ಬಾಯಿಂದ ಹೇಳುವ ವಾಡಿಕೆ ಇರಲಿಲ್ಲ. ಕೊಳ್ಳುವವನು, ಮಾರುವವನು ಒಂದು ಟವೆಲಿನ ಕೆಳಗೆ ಕೈ ಸೇರಿಸಿ ಬೆರಳು ಹಿಡಿದು ವ್ಯವಹಾರ ಮುಗಿಸುತ್ತಿದ್ದರು. ಕೈ ಬಿಟ್ಟ ಮೇಲೆ ಅದು ಕಲ್ಲಿನ ಮೇಲೆ ಬರೆದ ಹಾಗೆ. ಟವೆಲಿನೊಳಗೆ ಕೈ ಇಟ್ಟು ಮಾತಿಗೆ ತಪ್ಪಿದವನಿಗೆ ಮರುದಿನ ಮಂಡಿಯಲ್ಲಿ ಚಹಾ ಕೊಡುವವರೂ ಸಿಗುತ್ತಿರಲಿಲ್ಲ.

“ಮಡಿಯೊಳಗ ಇದ್ದಾಕಿ ಟವೆಲಿನಾಗ ಕೈ ಇಡಲೇನು?” ಎಂದು ಅಂಬೂಬಾಯಿ ಗಂಡನನ್ನು ದುರುಗುಟ್ಟಿ ನೋಡಿದರು.

“ನೀವ ಇಡ್ರಿ ಆಚಾರ್ರ,” ಎಂದಳು ಗುರುಬಸಮ್ಮ.

“ಮನಿ ನಮ್ಮಪ್ಪ ನನಗ ಕೊಟ್ಟದ್ದು,” ಎಂದರು ಅಂಬೂಬಾಯಿ. “ಕೈಯೂ ನಂದೇ ಇರಬೇಕು. ಊಟ ಆದ ಮ್ಯಾಲ ಬರ್ರಿ.”

ಊಟ ಆದ ಮೇಲೆ ಬರುವುದು ಹೇಗೆ? ಮಿಲ್ಲಿನ ಮಧ್ಯಾಹ್ನದ ಬಿಡುವು ಅರ್ಧ ತಾಸು. ಆ ಮನೆಯಲ್ಲಿ ಪೂಜೆ, ನೈವೇದ್ಯ, ಊಟ ಮುಗಿಯುವ ಹೊತ್ತಿಗೆ ಮಿಷನ್ನು ಮತ್ತೆ ಶುರುವಾಗಿ ಎಷ್ಟೋ ಹೊತ್ತಾಗಿರುತ್ತಿತ್ತು. ಸಂಜೆ ಮಿಲ್ಲು ಬಿಡುವಾಗ ಓಣಿಯಲ್ಲಿ ದೀಪ ಹತ್ತಿರುತ್ತಿದ್ದವು. ದೀಪ ಹಚ್ಚಿದ ಮೇಲೆ ಅಂಬೂಬಾಯಿ ಕೊಡುವ ಕೊಳ್ಳುವ ಮಾತೇ ಆಡುವುದಿಲ್ಲ. ಸುಗ್ಗಿಯಲ್ಲಿ ವಾರದ ರಜೆಯೂ ಇಲ್ಲ. ಮಂಗಳವಾರ ಮಧ್ಯಾಹ್ನ ಮತ್ತೆ ಹೋದರು. ಅದೇ ಒದ್ದೆ ಸೀರೆ, ಅದೇ ಹೊಸಿಲು. ಜೊತೆಗೆ ಒಂದು ಕೆಟ್ಟ ಸುದ್ದಿ: ಬಟ್ಟೆ ಅಂಗಡಿಯ ಗುಮಾಸ್ತನೊಬ್ಬ ಅಡ್ವಾನ್ಸ್ ಹಿಡಿದುಕೊಂಡು ಗುರುವಾರ ದೀಪ ಹಚ್ಚುವುದರೊಳಗೆ ಬರುತ್ತಾನಂತೆ.

ಅಂದು ಸಂಜೆ ಬೇವಿನ ಗಿಡದ ಕೆಳಗೆ ಕೊಂಡಮ್ಮ ಗಂಡನ ಮುಖ ನೋಡದೆ ನಿಂತಿದ್ದಳು.

“ಊರಿಗಿ ಹೋದ್ರ ಏನಾತು, ಸುಗ್ಗಿ ಮುಗಿದ ಮ್ಯಾಲ ನಾನೂ ಬರ್ತೀನಿ,” ಎಂದ ಸುಂಕಣ್ಣ.

“ಸುಗ್ಗಿ ಮುಗಿದ ಮ್ಯಾಲ ಇನ್ನೊಂದು ಸುಗ್ಗಿ ಬರ್ತೈತಿ. ನೀ ಅಂಡಿಗಿ ಜೋಡೀನ ಮದುವಿ ಆಗಬೇಕಿತ್ತು.”

ಅವನು ಕೈ ಚಾಚಿದ. ಅವಳ ತಲೆಯಲ್ಲಿ ಸಿಕ್ಕಿದ್ದ ಹತ್ತಿಯ ಎಳೆಯೊಂದನ್ನು ತೆಗೆದು ಕೊಟ್ಟ. ಅವಳು ಅದನ್ನು ಸೆರಗಿಗೆ ಕಟ್ಟಿಕೊಂಡಳು.

ಬುಧವಾರ ಏಕಾದಶಿ. ಲೈನಿನಲ್ಲಿ ಯಾರಿಗೋ ದೊಡ್ಡ ಉಪಾಯ ಹೊಳೆಯಿತು. ಏಕಾದಶಿ ದಿನ ಆಚಾರ್ಯರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಒಲೆ ಇಲ್ಲದ ಮೇಲೆ ಮಡಿ ಎಲ್ಲಿಂದ ಬಂತು? ಬರಿಗೈಯಲ್ಲಿ ಹೋಗಬಾರದೆಂದು ಗುರುಬಸಮ್ಮ ಬೆಳಿಗ್ಗೆ ಎಳ್ಳುಂಡೆ ಮಾಡಿ ತಂದಿದ್ದಳು. ಮಧ್ಯಾಹ್ನದ ಬಿಡುವಿಗೆ ಮಿಲ್ಲು ಕೂಗಿದ್ದೇ ತಡ, ಏಳೂ ಮಂದಿ ಎಳ್ಳುಂಡೆಯ ಡಬ್ಬಿ ಮುಂದೆ ಮಾಡಿಕೊಂಡು ಹೊರಟರು.

ಅಂಬೂಬಾಯಿ ಪಡಸಾಲೆಯಲ್ಲಿ ಜಪಮಣಿ ಹಿಡಿದು ಕೂತಿದ್ದರು. ಡಬ್ಬಿಯನ್ನೊಮ್ಮೆ, ಹೆಂಗಸರನ್ನೊಮ್ಮೆ ನೋಡಿದರು.

“ಇವತ್ತು ನೀರು ಸೈತ ಕುಡಿಯೂದಿಲ್ಲವ್ವ ನಾನು. ನೀವು ಉಂಡಿ ತಂದೀರಿ?”

“ಇಟ್ಟಿರ್ರಿ, ನಾಳಿಗಿ ತಿನ್ರಿ,” ಎಂದಳು ಗುರುಬಸಮ್ಮ ಕಂಗಾಲಾಗಿ.

“ನಿಮ್ಮ ಉಂಡಿ ನಾ ತಿಂದೀನೇ? ಆ ಮಾತು ಇರ್ಲಿ. ಏಕಾದಶಿ ದಿನ ಮನಿ ವ್ಯವಹಾರ ನಾ ಮಾತಾಡೂದಿಲ್ಲ. ಹೋಗ್ರಿ.”

ಓಣಿಯ ತಿರುವಿಗೆ ಬಂದಿದ್ದರು. ಹಿಂದಿನಿಂದ ಕೆಮ್ಮಿದ ಸದ್ದು. ಆಚಾರ್ಯರು ಹೆಗಲ ಟವೆಲು ಸರಿಮಾಡಿಕೊಳ್ಳುತ್ತಾ ಬಂದು, ಯಾರನ್ನೂ ನೋಡದೆ, ಎದುರಿನ ಗೋಡೆಗೆ ಹೇಳುವವರಂತೆ ಹೇಳಿದರು: “ಏಕಾದಶಿ ಮರುದಿನ ದ್ವಾದಶಿ ಇರ್ತದ. ದ್ವಾದಶಿ ದಿನ ನಮ್ಮ ಮನ್ಯಾಗ ಸೂರ್ಯ ಹುಟ್ಟಿದ ಕೂಡ್ಲೇ ಊಟ. ಮಧ್ಯಾಹ್ನ ಅಂದ್ರ ಒಲಿ ಆರಿ, ಮಡಿ ಮುಗಿದು, ಆಕಿ ಆರಾಮ ಕೂತಿರ್ತಾಳ.” ಆಮೇಲೆ ದನಿ ತಗ್ಗಿಸಿ, “ಎಳ್ಳುಂಡಿ ಏನು ಮಾಡ್ತೀರಿ?” ಎಂದರು.

“ನಿಮಗೂ ಉಪವಾಸ ಗದಾ ಆಚಾರ್ರ?”

“ಅದಕ್ಕೇ ಕೇಳಿದೆ. ಕಣ್ಣಿಗೆ ಕಾಣಿಸದಂಗ ತಗೊಂಡು ಹೋಗ್ರಿ.”

ಗುರುವಾರ ಮಧ್ಯಾಹ್ನದ ಕೂಗು ಇನ್ನೂ ಪೂರ್ತಿ ಆಗಿರಲಿಲ್ಲ, ಲೈನು ಅಂಗಳದಲ್ಲಿತ್ತು. ಅಂಬೂಬಾಯಿ ಒಣಗಿದ ಸೀರೆಯುಟ್ಟು, ಎಲೆಯಡಿಕೆ ಹಾಕಿಕೊಂಡು, ಕಟ್ಟೆಯ ಮೇಲೆ ಹೂಬತ್ತಿ ಹೊಸೆಯುತ್ತಿದ್ದರು. ಗಂಡನನ್ನು ನೋಡಿ, “ಇವರಿಗೆ ದ್ವಾದಶಿ ಹೇಳಿಕೊಟ್ಟವರು ಯಾರು?” ಎಂದರು. ಆಚಾರ್ಯರು ಪಂಚಾಂಗದಲ್ಲಿ ಮುಖ ಇಟ್ಟರು.

ಗುರುಬಸಮ್ಮ ಎದುರು ಕೂತು ಕೈ ಚಾಚಿದಳು. ಆಚಾರ್ಯರು ತಮ್ಮ ಟವೆಲನ್ನು ತಂದು ಎರಡು ಕೈಗಳ ಮೇಲೆ ಹೊದಿಸಿದರು. ಅಂಬೂಬಾಯಿಯ ಮುಖ ಒಂದು ಕ್ಷಣ ಬಿಗಿಯಿತು, ಆಮೇಲೆ ಅರಳಿತು.

“ಅಯ್ಯ, ಹಿಂಗ ಹಿಡೀತಾರೇನು? ಇವರು ಇಷ್ಟು ವರ್ಷ ಟವೆಲಿನಾಗ ಕೈ ಇಟ್ಟು ಬಂದ್ರು, ಒಂದು ದಿನ ಹೇಳಲಿಲ್ಲ.” ಆಮೇಲೆ, “ನಿನ್ನ ಕೈ ಏನವ್ವ, ಹಲಗಿ ಆಗ್ಯದ.”

“ನಿಮ್ಮದು ಬೆಣ್ಣಿ ಇದ್ದಂಗ ಐತಿ. ಬಾಡಿಗಿ ನೀವು ಹೇಳಿದ್ದ. ಅಡ್ವಾನ್ಸ್ ಇಲ್ಲ. ಜಾಮೀನು ನಾವು.”

“ನೀ ಒಬ್ಬಾಕಿ ಕೈ ಸಾಲೂದಿಲ್ಲ. ಏಳು ಮಂದಿ ಅಂದಿದ್ದಿ. ಏಳೂ ಬರ್ಲಿ.”

ಒಬ್ಬೊಬ್ಬರೇ ಬಂದು ಟವೆಲಿನ ಕೆಳಗೆ ಕೈ ಇಟ್ಟರು. ಒಬ್ಬಳು ಬೆರಳು ಹಿಡಿಯುವ ಬದಲು ಅಂಗೈ ಕೆರೆದಳು. ಅಂಬೂಬಾಯಿ ಕಚಗುಳಿಯಿಂದ ಕಟ್ಟೆಯ ಮೇಲೆ ಕುಳಿತಲ್ಲೇ ಕುಲುಕಿ ನಕ್ಕರು. ಇನ್ನೊಬ್ಬಳ ಕೈಯನ್ನು ಹಿಡಿದು ಬಿಡಲೇ ಇಲ್ಲ, ಯಾಕಿಷ್ಟು ಸೀಳಿದೆ, ಎಣ್ಣೆ ಹಚ್ಚಬಾರದೇ ಎಂದು ಗದರಿದರು. ಕೊನೆಗೆ ಕೊಂಡಮ್ಮನೂ ಬಂದಳು.

“ನೀ ಯಾಕ? ನಿನಗ ಅವರು ಜಾಮೀನು.”

“ಅವರಿಗಿ ನಾ ಜಾಮೀನಮ್ಮಾ,” ಎಂದಳು ಕೊಂಡಮ್ಮ. ಅಂಬೂಬಾಯಿ ಅವಳ ಐದೂ ಬೆರಳನ್ನು ಒಟ್ಟಿಗೆ ಹಿಡಿದು ಒತ್ತಿದರು.

ಟವೆಲು ತೆಗೆಯಬೇಕೆನ್ನುವಾಗ ಗುರುಬಸಮ್ಮ, “ತಡೀರಿ,” ಎಂದಳು. “ಬಾಡಿಗಿಗಿ ನಾವು ಜಾಮೀನು. ಬಾಗಿಲಕ್ಕ ಯಾರು ಜಾಮೀನು? ಹೊಸ ಮದುಮಕ್ಕಳಿಗಿ ಸೀರಿ ಕಟ್ಟಿದ ಖೋಲಿ ಕೊಡ್ತೀರೇನು?”

ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಅಂಬೂಬಾಯಿ ಬಾಯಿ ತೆರೆಯುವಷ್ಟರಲ್ಲಿ ಆಚಾರ್ಯರೇ ಟವೆಲಿನ ಕೆಳಗೆ ಕೈ ತೂರಿಸಿದರು. “ನಮ್ಮ ಉಗ್ರಾಣದ ಬಾಗಿಲ ಅದ. ಅದಕ್ಕ ನಾ ಜಾಮೀನು.” ಅಷ್ಟರಲ್ಲಿ ಮಿಲ್ಲು ಕೂಗಿತು. ಲೈನು ಸೆರಗು ಸಿಕ್ಕಿಸಿಕೊಂಡು ಓಡಿತು.

ಸಂಜೆ ಮುಂದೆ ಬಂದ ಬಟ್ಟೆ ಅಂಗಡಿಯ ಗುಮಾಸ್ತನಿಗೆ ಅಂಬೂಬಾಯಿ ಹೇಳಿದ್ದು ಇಷ್ಟೇ: “ಟವೆಲ್ ಆಗ್ಯದಪ್ಪ.” ಅವನು ಆದವಾನಿಯವನೇ, ಮರುಮಾತಾಡದೆ ಹೋದ.

ಬಸವಕ್ಕ ಬಸ್ಸಿಳಿದು ಮಿಲ್ಲಿಗೆ ಹೋಗಿ, ಅಲ್ಲಿಂದ ಕೇಳಿಕೊಂಡು ಓಣಿಗೆ ಬಂದಾಗ ಸುಂಕಣ್ಣ ಹಿತ್ತಲಲ್ಲಿ ಬಾಗಿಲು ಕೂಡಿಸುತ್ತಿದ್ದ. ಉಗ್ರಾಣದ ಬಾಗಿಲು ಗಿಡ್ಡ. ಕೆಳಗೆ ಒಂದು ಗೇಣು ಸಂದಿ ಉಳಿಯುತ್ತಿತ್ತು. ಕೊಂಡಮ್ಮ ಒಂದು ಕಡೆ ಹಿಡಿದಿದ್ದಳು.

“ಸೊಸೀನ ಕರಕೊಂಡು ಹೋಗಾಕ ಬಂದೀನಿ,” ಎಂದಳು ಬಸವಕ್ಕ, ಬಾಗಿಲನ್ನೇ ನೋಡುತ್ತಾ.

“ಮೊದಲ ಆ ಕಡಿ ಹಿಡಿಯವ್ವ, ಬೀಳತೈತಿ,” ಎಂದ ಸುಂಕಣ್ಣ.

ಬಸವಕ್ಕ ಹೊಲದ ಹತ್ತಿ ಇಣುಕುತ್ತಿದ್ದ ಚೀಲ ಕೆಳಗಿಟ್ಟು ಹಿಡಿದಳು. ಮೊಳೆ ಹೊಡೆದದ್ದಾಯಿತು. ಬಾಗಿಲು ಕಿರ್ರೆಂದು ಮುಚ್ಚಿತು. ಬಸವಕ್ಕ ಮತ್ತೆ ತೆರೆದು, ಮುಚ್ಚಿ ನೋಡಿದಳು. “ಸಂದಿಗಿ ಒಂದು ಗೋಣಿತಟ್ಟು ಬಡೀರಿ,” ಎಂದಳು. ಅಲ್ಲಿಗೆ ಸೊಸೆಯನ್ನು ಕರೆದೊಯ್ಯುವ ಮಾತು ಮುಗಿಯಿತು.

ಆದರೆ ಊರಿಗೆ ಹೋಗುವ ಕೊನೆಯ ಬಸ್ಸೂ ಅಷ್ಟರಲ್ಲಿ ಹೋಗಿತ್ತು. ಇದ್ದದ್ದು ಒಂದೇ ಖೋಲಿ. ಸುಂಕಣ್ಣ ಮೊಳೆ ಆರಿಸುವ ನೆಪದಲ್ಲಿ ನೆಲ ನೋಡಿದ. ಕೊಂಡಮ್ಮ ಸೆರಗಿನ ತುದಿಯ ಗಂಟನ್ನು ಬಿಚ್ಚಿ ಕಟ್ಟಿದಳು. ಬಸವಕ್ಕ ಏನೂ ಅರಿಯದವಳಂತೆ ಚೀಲದಿಂದ ಹಾಸಿಗೆಯ ದುಪ್ಪಟಿ ತೆಗೆದಳು.

ಮನೆಯ ಹಿಂಬಾಗಿಲಿನಿಂದ ಅಂಬೂಬಾಯಿಯ ದನಿ ಬಂತು. “ಬಸವಕ್ಕಾ, ದುಪ್ಪಟಿ ತಗೊಂಡು ನಮ್ಮ ಪಡಸಾಲಿಗೆ ಬಾ. ನಿಮ್ಮ ಹೊಲದ ಹತ್ತಿ ತಂದೀಯಂತಲ್ಲ, ಬತ್ತಿ ಹೊಸಿಯೋಣ. ಇಲ್ಲೇ ಮಲಗು.”

“ಇಲ್ಲಿ ನನ್ನ ಮಗ...”

“ನಿನ್ನ ಮಗನಿಗೆ ಏಳು ಮಂದಿ ಜಾಮೀನು ಇದ್ದಾರ. ನೀ ಬಾ.”

ಬಸವಕ್ಕ ಹೋದಳು. ಪಡಸಾಲೆಯ ದೀಪದ ಬೆಳಕಿನಲ್ಲಿ ಇಬ್ಬರೂ ಎದುರುಬದುರು ಕೂತರು. ಬಸವಕ್ಕ ಬೀಜ ಬಿಡಿಸಿ ಹತ್ತಿಯನ್ನು ನಡುವೆ ಗುಪ್ಪೆ ಮಾಡಿದಳು, ಅಂಬೂಬಾಯಿ ಹೊಸೆದರು. ಹಿತ್ತಲಲ್ಲಿ ಬಾಗಿಲು ಕಿರ್ರೆಂದಿತು. ಒಳಗಿಂದ ಅಗುಳಿ ಬಿದ್ದ ಸದ್ದು ಕೇಳಿತು.

“ಆ ಬಾಗಿಲಕ್ಕ ನಾಳೆ ಎಣ್ಣಿ ಬಿಡಬೇಕು,” ಎಂದರು ಅಂಬೂಬಾಯಿ.

“ಬ್ಯಾಡ ಬಿಡ್ರಿ,” ಎಂದಳು ಬಸವಕ್ಕ, ಹತ್ತಿಯಿಂದ ತಲೆಯೆತ್ತದೆ. “ಕೇಳಾಕ ಚಂದ ಐತಿ.”